ಹದಿಮೂರರೊಳಗೆ ಬಿಚ್ಚಬೇಕಾದ ಬೋಲ್ಟ್

1996 ಜೂನ್ 3

ಕುದೋ ಎಯ್‌ಕಿಚಿ ಅವರಿಗೆ,

ಜೈಲಿನಿಂದ ನೀವು ಬರೆದ ನಾಲ್ಕು ಪತ್ರಗಳೂ ಬಂದಿವೆ. ಒಂದನ್ನೂ ಒಡೆದಿಲ್ಲ. ಪ್ರತಿ ತಿಂಗಳು ಇಪ್ಪತ್ತೆರಡಕ್ಕೆ, ನಮ್ಮವರು ಸತ್ತ ತಾರೀಕಿಗೆ ಸರಿಯಾಗಿ ತಲುಪುವಂತೆ ಹಾಕುತ್ತೀರಿ. ಒಳಗೆ ಏನಿದೆ ಎಂದು ಒಡೆಯದೆಯೇ ಗೊತ್ತು. ಕರೆಂಟ್ ಬಿಲ್ಲುಗಳ ಜೊತೆ ಡ್ರಾಯರಿನಲ್ಲಿ ತುರುಕಿದ್ದೇನೆ. ಗೌರವಕ್ಕೆ ಇಟ್ಟುಕೊಂಡಿದ್ದಲ್ಲ. ವಾಪಸು ಕಳಿಸಲು ಹೋದರೆ ಅಂಚೆ ಕಚೇರಿಯ ಹೆಂಗಸು ನನ್ನ ಮುಖವನ್ನೇ ನೋಡುತ್ತಾಳೆ, ಅದು ಬೇಡವಾಗಿತ್ತು.

ಈಗ ಬರೆಯುತ್ತಿರುವುದಕ್ಕೆ ಕಾರಣ ಒಂದೇ. ಬೋಲ್ಟ್ ಬಿಚ್ಚುತ್ತಿಲ್ಲ.

ಕಳೆದ ಅಕ್ಟೋಬರಿನಲ್ಲಿ ನಮ್ಮವರು ಕಾರಿನ ಎಂಜಿನ್ ಬೆಲ್ಟ್ ಬದಲಾಯಿಸಲು ಕೂತಿದ್ದರು. ಮುಂದಿನ ಚಕ್ರ ಕಳಚಿ, ಮುಚ್ಚಳಗಳನ್ನೆಲ್ಲ ತೆಗೆದು, ದೊಡ್ಡ ಪುಲ್ಲಿಯ ನಡುವಿನ ಬೋಲ್ಟಿಗೆ ಬಂದು ನಿಂತಿದ್ದರು. ಅದು ಹಂದಲಿಲ್ಲ. ಬಿಚ್ಚಿದ ಸಾಮಾನೆಲ್ಲ ಇವತ್ತಿಗೂ ಶೆಡ್ಡಿನಲ್ಲಿ ಹಳೇ ಪೇಪರಿನ ಮೇಲೆ ಸಾಲಾಗಿ ಬಿದ್ದಿದೆ, ಒಂದೊಂದರ ಪಕ್ಕ ಪೆನ್ಸಿಲಿನಲ್ಲಿ ನಂಬರು. ಆ ಬೋಲ್ಟೊಂದು ಬಂದರೆ ಉಳಿದದ್ದನ್ನು ಪುಸ್ತಕ ನೋಡಿ ನಾನೇ ಜೋಡಿಸಬಲ್ಲೆ. ಸೇಬಿನ ರಸದ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಯಂತ್ರಗಳ ಜೊತೆ ಗುದ್ದಾಡಿದವಳು ನಾನು. ಆರು ವರ್ಷದ ಹಿಂದೆ ನಿಮ್ಮ ಗ್ಯಾರೇಜಿನಲ್ಲಿ ಇದೇ ಬೆಲ್ಟ್ ಹಾಕಿ ಇದೇ ಬೋಲ್ಟ್ ಬಿಗಿದವರು ನೀವು.

ಅವಸರ ಯಾಕೆಂದರೆ ಆಗಸ್ಟಿನಲ್ಲಿ ಬೋನ್ ಹಬ್ಬ, ಸತ್ತವರು ಮನೆಗೆ ಬಂದು ಹೋಗುವ ದಿನಗಳು. ನಮ್ಮವರು ಹೋದ ಮೇಲೆ ಇದೇ ಮೊದಲನೆಯದು. ಹದಿಮೂರನೇ ತಾರೀಕು ಅವರನ್ನು ಸಮಾಧಿಯಿಂದ ಮನೆಗೆ ಕರೆದುಕೊಂಡು ಬರಬೇಕು. ಎಲ್ಲರೂ ಇಡುವಂತೆ ಸೌತೆಕಾಯಿಗೆ ನಾಲ್ಕು ಕಡ್ಡಿ ಚುಚ್ಚಿ ಕುದುರೆ ಮಾಡಿ ಇಡೋಣ, ಅದನ್ನೇರಿ ಬರಲಿ ಎಂದೆ. ಅತ್ತೆ ಒಪ್ಪಲಿಲ್ಲ.

"ಕುದುರೆ ಗಿದುರೆ ಬೇಡ ಕಣೆ. ಹುಟ್ಟಿದಾಗಿಂದ ನನ್ನ ಮಗ ಕುದುರೆ ಹತ್ತಿದವನಲ್ಲ. ಸೋಯಾ ಸಾಸ್ ತರೋಕೂ ಆ ಕಾರಲ್ಲೇ ಹೋಗ್ತಿದ್ದ. ಕಾರ್ ತಗೊಂಡು ಹೋಗಿ ಕರ್ಕೊಂಡು ಬರೋಣ. ನಾನು ಹಿಂದೆ ಕೂತ್ಕೋತೀನಿ, ಮುಂದಿನ ಸೀಟು ಅವನಿಗಿರಲಿ."

ಎಂಬತ್ತಮೂರು ವರ್ಷ ಅವರಿಗೆ. ಅಕ್ಟೋಬರಿನಿಂದ ಈಚೆಗೆ ಇದೊಂದನ್ನೇ ಅವರು ಬಾಯಿಬಿಟ್ಟು ಕೇಳಿದ್ದು. ನಿಮ್ಮ ಗ್ಯಾರೇಜು ನಮ್ಮವರು ಹೋದ ದಿನವೇ ಬಾಗಿಲು ಹಾಕಿತು. ಪಕ್ಕದ ಊರಿನ ಗ್ಯಾರೇಜಿಗೆ ಫೋನ್ ಮಾಡಿದರೆ ಗುಜರಿಗೆ ಹಾಕಿ ಎಂದು ನಕ್ಕರು.

ಬೋಲ್ಟ್ ಹೇಗೆ ತೆಗೆಯಬೇಕು ಬರೆಯಿರಿ. ಬೇರೆ ಏನೂ ಬರೆಯಬೇಡಿ. ಕ್ಷಮೆ ಎನ್ನುವ ಮಾತು ಒಂದು ಕಡೆ ಕಂಡರೂ ಆ ಪತ್ರ ಬಚ್ಚಲ ಒಲೆಗೆ.

ಸುಗವಾರಾ ಮಿತ್ಸುಯೊ


1996 ಜೂನ್ 13

ಸುಗವಾರಾ ಮಿತ್ಸುಯೊ ಸಾನ್ ಅವರಿಗೆ,

ಆ ಮಾತು ಬರೆಯುವುದಿಲ್ಲ. ಬೋಲ್ಟಿನ ವಿಷಯ ಮಾತ್ರ ಬರೆಯುತ್ತೇನೆ.

ಬೋಲ್ಟಿನ ತಲೆ ಹತ್ತೊಂಬತ್ತು ಮಿಲಿಮೀಟರ್. ತುಕ್ಕು ಬಿಡಿಸುವ ಎಣ್ಣೆಯನ್ನು ಮೂರು ದಿನ ಬೆಳಿಗ್ಗೆ ಸಂಜೆ ಬಿಡಿ. ಆಮೇಲೆ ಗೇರನ್ನು ಐದಕ್ಕೆ ಹಾಕಿ ಒಬ್ಬರು ಬ್ರೇಕ್ ಒತ್ತಿ ಕೂರಬೇಕು, ಇಲ್ಲದಿದ್ದರೆ ಬೋಲ್ಟಿನ ಜೊತೆ ಎಂಜಿನ್ನೂ ತಿರುಗುತ್ತದೆ. ಸ್ಪ್ಯಾನರಿನ ಹಿಡಿಗೆ ನಿಮ್ಮ ಎತ್ತರದಷ್ಟು ಉದ್ದದ ಕಬ್ಬಿಣದ ಪೈಪ್ ತೂರಿಸಿ. ಹಿಡಿ ನಿಮ್ಮ ಎಡಗಡೆಗೆ ಬರಲಿ, ಮೇಲಿನಿಂದ ಕೆಳಕ್ಕೆ ಒತ್ತಿ. ಜಗ್ಗಬೇಡಿ, ಮೈಭಾರ ಬಿಡಿ.

ನಿಮ್ಮ ಪತ್ರವನ್ನು ಮೊದಲು ಓದಿದ ಅಧಿಕಾರಿ ನನ್ನನ್ನು ಕರೆಸಿ, "ಇದೇನಯ್ಯಾ ಗುಪ್ತ ಭಾಷೆಯಾ? ಹೆಂಗಸಿಗೆ ಬೋಲ್ಟ್ ಯಾಕೆ?" ಎಂದು ಕೇಳಿದರು. ಬೋಲ್ಟ್ ಅಂದರೆ ಬೋಲ್ಟೇ ಸಾರ್ ಎಂದೆ. ಅವರಿಗೂ ಹಳೇ ಕಾರಿದೆಯಂತೆ. ಆಮೇಲೆ ಹತ್ತು ನಿಮಿಷ ಅದರ ಗೋಳು ಹೇಳಿಕೊಂಡರು.

ಇಲ್ಲಿ ತಿಂಗಳಿಗೆ ಎರಡು ಪತ್ರ ಬರೆಯಲು ಬಿಡುತ್ತಾರೆ. ಎರಡನ್ನೂ ನಿಮಗೇ ಇಟ್ಟುಕೊಂಡಿರುತ್ತೇನೆ. ಬೋಲ್ಟಿನ ತಲೆಯ ಸುತ್ತ ತುಕ್ಕಿನ ಬಣ್ಣ ಕಂದೋ ಕಪ್ಪೋ? ಒತ್ತಿದಾಗ ಪೈಪ್ ಸ್ಪ್ರಿಂಗಿನ ಹಾಗೆ ಬಾಗುತ್ತದೆಯೋ, ಕಲ್ಲಿನ ಹಾಗೆ ನಿಲ್ಲುತ್ತದೆಯೋ? ಏನಾದರೂ ಸದ್ದು ಬರುತ್ತದೆಯೋ? ಇವು ಮೂರೂ ಗೊತ್ತಾದರೆ ಮುಂದಿನದು ಹೇಳಬಲ್ಲೆ.

ಕುದೋ ಎಯ್‌ಕಿಚಿ


1996 ಜೂನ್ 22

ಕುದೋ ಅವರಿಗೆ,

ತುಕ್ಕು ಕಂದು. ಪೈಪ್ ಬಾಗುತ್ತದೆ, ಬೋಲ್ಟ್ ಬಗ್ಗುವುದಿಲ್ಲ. ಸದ್ದು ಬಂದಿದ್ದು ನನ್ನ ಬಾಯಿಂದ.

ಪೈಪಿನ ಜಾಗಕ್ಕೆ ಬಟ್ಟೆ ಒಣಹಾಕುವ ಗಳವನ್ನು ತೂರಿಸಿದೆ, ಸೊಟ್ಟಗಾಯಿತು. ಆಮೇಲೆ ದ್ರಾಕ್ಷಿ ಚಪ್ಪರದ ಕಂಬ ಕಿತ್ತು ತಂದೆ. ಬ್ರೇಕ್ ಒತ್ತಲು ಬೇರೆ ಯಾರಿದ್ದಾರೆ. ಅತ್ತೆಯೇ ಡ್ರೈವರ್ ಸೀಟಿನಲ್ಲಿ ಕೂತು, ಬೆನ್ನಿಗೆ ಎರಡು ದಿಂಬು ಕೊಟ್ಟು, ಎರಡೂ ಕಾಲಿನಲ್ಲಿ ಒತ್ತಿ ಹಿಡಿದರು. ನಾನು ಕಂಬದ ತುದಿಗೆ ಜೋತುಬಿದ್ದೆ. ಕಾಲು ನೆಲ ಬಿಟ್ಟಿತು.

"ಬಂತೇನೇ?"

"ಇಲ್ಲ ಅತ್ತೆ."

"ನೀನು ಸರಿಯಾಗಿ ಉಣ್ಣಲ್ಲ, ಅದಕ್ಕೇ ಭಾರ ಇಲ್ಲ. ಬಾ, ನೀನು ಬ್ರೇಕ್ ಒತ್ತು, ನಾನು ಕೂತ್ಕೋತೀನಿ ಅದ್ರ ಮೇಲೆ."

ಎಂಟು ತಿಂಗಳಾದ ಮೇಲೆ ಶೆಡ್ಡಿನಲ್ಲಿ ಇಬ್ಬರೂ ನಕ್ಕೆವು. ಆಮೇಲೆ ಕಂಬ ಜಾರಿ ನನ್ನ ಹೆಬ್ಬೆರಳಿನ ಉಗುರು ಹೋಯಿತು. ಬಟ್ಟೆ ಸುತ್ತಿಕೊಂಡು ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಅದಕ್ಕೇ.

ಇವತ್ತು ಇಪ್ಪತ್ತೆರಡು. ನಿಮ್ಮ ಕಡೆಯಿಂದ ಆ ಬಗೆಯ ಪತ್ರ ಬರಲಿಲ್ಲ, ಅದು ಸರಿ. ಮುಂದಿನದು ಹೇಳಿ. ಇನ್ನು ಐವತ್ತೆರಡು ದಿನ ಇದೆ.

ಮಿತ್ಸುಯೊ


1996 ಜುಲೈ 5

ಮಿತ್ಸುಯೊ ಸಾನ್ ಅವರಿಗೆ,

ಉಗುರು ಹೋದ ಬೆರಳನ್ನು ಎಣ್ಣೆ ಗ್ರೀಸಿಗೆ ತಾಗಿಸಬೇಡಿ. ಕೀವು ಕಟ್ಟುತ್ತದೆ. ನನಗೆ ಎರಡು ಸಲ ಆಗಿದೆ.

ನಿಮ್ಮ ಪತ್ರವನ್ನು ಎಂಟು ಸಲ ಓದಿದೆ. ಅಮ್ಮ ದಿಂಬು ಇಟ್ಟುಕೊಂಡು ಬ್ರೇಕ್ ಒತ್ತಿದ್ದನ್ನು ಓದಿ ಊಟದ ಸಾಲಿನಲ್ಲಿ ನಗು ಬಂದು ಬೈಸಿಕೊಂಡೆ. ಇಲ್ಲಿ ದಿನವಿಡೀ ಕಾಗದದ ಚೀಲಕ್ಕೆ ಹಿಡಿಕೆ ಅಂಟಿಸುತ್ತೇನೆ. ಹದಿನಾರನೇ ವಯಸ್ಸಿನಿಂದ ಕಬ್ಬಿಣ ಹಿಡಿದ ಕೈ, ಈಗ ಗೋಂದು. ನಿಮ್ಮ ಪತ್ರ ಬಂದ ದಿನ ಮಾತ್ರ ಈ ಕೈ ನನ್ನದು ಅನ್ನಿಸುತ್ತದೆ.

ಈ ಸಲ ಜಾಕ್ ಬಳಸಿ. ಪೈಪ್ ನಿಮ್ಮ ಬಲಗಡೆಗೆ ಬರಲಿ, ಅದರ ತುದಿಯ ಕೆಳಗೆ ಜಾಕ್ ಇಟ್ಟು ನಿಧಾನವಾಗಿ ಏರಿಸಿ. ಅದಕ್ಕೆ ಮುಂಚೆ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಇಪ್ಪತ್ತು ಸಲ ನೇರ ಹೊಡೆಯಿರಿ. ಏರಿಸುವಾಗ ಪೈಪಿನ ಸಾಲಿನಲ್ಲಿ ನಿಲ್ಲಬೇಡಿ.

ಒಂದು ಮಾತು. ಬೇರೆ ಗ್ಯಾರೇಜಿನವರಿಗೆ ಕೊಡಬೇಡಿ. ಅವರು ಬಂದ ಕೂಡಲೇ ಗ್ಯಾಸ್ ಬೆಂಕಿ ಹಿಡಿಯುತ್ತಾರೆ. ಬೆಂಕಿ ಹಿಡಿದರೆ ಒಳಗಿನ ಶಾಫ್ಟ್ ಹಾಳಾಗುತ್ತದೆ, ಆಮೇಲೆ ಕಾರು ನಿಜಕ್ಕೂ ಗುಜರಿಯೇ. ನಿಧಾನವಾದರೂ ಕೈಯಲ್ಲೇ ತೆಗೆಯೋಣ. ಹೀಗಾಯಿತು ಹಾಗಾಯಿತು ಎಂದು ಎಲ್ಲವನ್ನೂ ಬರೆಯಿರಿ. ಸಣ್ಣದನ್ನೂ ಬಿಡಬೇಡಿ.

ಎಯ್‌ಕಿಚಿ


1996 ಜುಲೈ 17

ಕುದೋ ಅವರಿಗೆ,

ಎಲ್ಲವನ್ನೂ ಬರೆಯಿರಿ ಎಂದಿರಿ. ಬರೆಯುತ್ತೇನೆ.

ಜಾಕ್ ಏರಿಸಿದೆ. ಪೈಪ್ ಬಾಗುತ್ತ ಬಾಗುತ್ತ ಕಾರಿನ ಮೂತಿಯೇ ಸ್ಟ್ಯಾಂಡಿನಿಂದ ಮೇಲೆದ್ದಿತು. ಒಳಗೆ ಅತ್ತೆ ಕೂತಿದ್ದಾರೆ. ಬೇಡ ಅತ್ತೆ ಇಳೀರಿ ಎಂದು ಕೂಗುವಷ್ಟರಲ್ಲಿ ಬೋಲ್ಟಿನ ತಲೆಗೆ ಕೂರಿಸಿದ್ದ ಸಾಕೆಟ್ ಎರಡು ಹೋಳಾಗಿ ಒಂದು ಚೂರು ಗೋಡೆಯ ತಗಡು ತೂರಿಕೊಂಡು ಹೋಯಿತು. ಕಾರು ದಡ್ಡನೆ ಕೆಳಗೆ ಕೂತಿತು. ಅತ್ತೆಗೆ ಏನೂ ಆಗಲಿಲ್ಲ. ನಾನು ಶೆಡ್ಡಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ. ಬೋಲ್ಟಿನ ತಲೆಯ ಎರಡು ಮೂಲೆ ಸವೆದಿದೆ. ಅದು ಕೂದಲೆಳೆಯಷ್ಟೂ ಸರಿದಿಲ್ಲ.

ಮೊನ್ನೆ ಪಕ್ಕದ ಊರಿನ ಗ್ಯಾರೇಜಿನ ಗಡ್ಡದವನು ಎದುರು ಮನೆಯ ಟ್ರ್ಯಾಕ್ಟರ್ ನೋಡಲು ಬಂದವನು ಇಣುಕಿ ನೋಡಿದ. "ಅಕ್ಕಾ, ಗಾಡಿಯಲ್ಲಿ ಗ್ಯಾಸ್ ಇದೆ, ಅರ್ಧ ಗಂಟೆ ಕೆಲಸ, ಮಾಡ್ಕೊಟ್ಟು ಹೋಗ್ಲಾ?" ಎಂದ. ನಿಮ್ಮ ಮಾತು ನಂಬಿ ಬೇಡ ಎಂದು ಕಳಿಸಿಬಿಟ್ಟೆ. ಸರಿ ಮಾಡಿದೆನೋ ತಪ್ಪು ಮಾಡಿದೆನೋ ಗೊತ್ತಿಲ್ಲ.

ಅತ್ತೆ ಆಗಲೇ ಬಿಳಿ ಲಾಂದ್ರ ತರಿಸಿ ಜಗಲಿಗೆ ತೂಗುಹಾಕಿದ್ದಾರೆ. ಮೊದಲ ವರ್ಷಕ್ಕೆ ಮಾತ್ರ ಬಿಳಿ. ಮುಂದಿನ ವರ್ಷದಿಂದ ಎಲ್ಲರ ಮನೆಯ ಹಾಗೆ ಬಣ್ಣದ್ದು. ದಿನಾ ಬೆಳಿಗ್ಗೆ ಶೆಡ್ಡಿಗೆ ಬಂದು ಮುಂದಿನ ಸೀಟಿನ ಧೂಳು ಒರೆಸುತ್ತಾರೆ.

ಇನ್ನೊಂದು ಸಂಗತಿ. ಕೋರ್ಟಿನಲ್ಲಿ ನಾನು ಹೇಳದೇ ಇದ್ದದ್ದು.

ಅಕ್ಟೋಬರ್ ಇಪ್ಪತ್ತೆರಡು, ಭಾನುವಾರ ಮಧ್ಯಾಹ್ನ ನಮ್ಮವರು ಶೆಡ್ಡಿನಿಂದ ಬಂದು, ಕೈಯೂ ತೊಳೆಯದೆ ನೀರು ಕುಡಿದರು. "ಈ ಕುದೋ ಅದೇನು ಹಾಕಿ ಬಿಗಿದಿದ್ದಾನೋ ಮಾರಾಯ್ತಿ, ಜಪ್ಪಯ್ಯ ಅಂದ್ರೂ ಬರ್ತಿಲ್ಲ. ಹೋಗಿ ಕೇಳ್ಕೊಂಡು ಬರ್ತೀನಿ" ಎಂದರು. ಉಂಡು ಹೋಗಿ ಎಂದೆ. "ಬಂದು ಉಣ್ತೀನಿ. ಭಾನುವಾರ ಅವನು ಮನೇಲೇ ಇರ್ತಾನೆ." ಕಾರು ಬಿಚ್ಚಿಟ್ಟಿದ್ದರಿಂದ ನಡೆದುಕೊಂಡೇ ಹೊರಟರು.

ನೀವು ಮನೆಯಲ್ಲಿರಲಿಲ್ಲ. ಯಾರದೋ ಹೊಸ ಮನೆಯ ತೊಲೆ ಏರಿಸಿದ ಊಟಕ್ಕೆ ಹೋಗಿ ಕುಡಿದು, ಅದೇ ರಸ್ತೆಯಲ್ಲಿ ಕಾರು ಓಡಿಸಿಕೊಂಡು ಬರುತ್ತಿದ್ದಿರಿ. ಅವರು ರಸ್ತೆಯ ಪಕ್ಕದಲ್ಲಿದ್ದರು, ನಿಮ್ಮ ಮನೆಗೆ ಇನ್ನೂರು ಮೀಟರ್ ಕೂಡ ಇರಲಿಲ್ಲ. ಪೊಲೀಸರು ಅವರ ಜೇಬಿನ ಸಾಮಾನು ವಾಪಸು ಕೊಟ್ಟಾಗ ಅದರಲ್ಲಿ ಹತ್ತೊಂಬತ್ತರ ಸಾಕೆಟ್ ಇತ್ತು. ನಿಮಗೆ ತೋರಿಸಲೆಂದು ಒಯ್ದದ್ದು. ಮೊನ್ನೆ ಒಡೆದು ಎರಡು ಹೋಳಾದದ್ದು ಅದೇ.

ಯಾಕೆ ಆ ಕಡೆ ನಡೆದು ಹೋಗುತ್ತಿದ್ದರು ಎಂದು ಜಡ್ಜ್ ಕೇಳಿದಾಗ, ಸುಮ್ಮನೆ ವಾಕಿಂಗ್ ಎಂದೆ. ಅತ್ತೆ ಪಕ್ಕದಲ್ಲೇ ಕೂತಿದ್ದರು. ಒಂದು ಬೋಲ್ಟಿಗೋಸ್ಕರ ಮಗ ಹೋದ ಎಂದು ಅವರಿಗೆ ಗೊತ್ತಾಗುವುದು ಬೇಡವಾಗಿತ್ತು.

ಈಗ ನಿಮಗೆ ಗೊತ್ತಾಯಿತು. ನಾನು ಒಂಬತ್ತು ತಿಂಗಳು ಒಬ್ಬಳೇ ಇದನ್ನು ಹೊತ್ತುಕೊಂಡು ಮಲಗಿದೆ. ಇನ್ನು ನೀವೂ ಸ್ವಲ್ಪ ಹೊರಿ.

ಇಪ್ಪತ್ತೇಳು ದಿನ ಇದೆ. ಬೋಲ್ಟಿಗೆ ಏನು ಮಾಡಲಿ?

ಮಿತ್ಸುಯೊ


1996 ಆಗಸ್ಟ್ 1

ಕುದೋ,

ಹದಿನೈದು ದಿನವಾಯಿತು, ಉತ್ತರ ಇಲ್ಲ. ದಿನಕ್ಕೆ ಎರಡು ಸಲ ಅಂಚೆ ಡಬ್ಬಿ ನೋಡುತ್ತಿದ್ದೇನೆ. ಗಂಡನನ್ನು ಕೊಂದವನ ಕಾಗದಕ್ಕೆ ಹೀಗೆ ಕಾಯುವ ಗತಿ ನನಗೆ ಬಂತಲ್ಲ.

ಗಡ್ಡದವನಿಗೆ ನಾನೇ ಫೋನ್ ಮಾಡಿದೆ. ಬೆಂಕಿಯಾದರೂ ಸರಿ ಬಾ ಎಂದೆ. ಬೋನಿಗೆ ಊರಿಗೆ ಹೋಗುವವರ ಗಾಡಿಗಳೆಲ್ಲ ಅವನ ಅಂಗಳದಲ್ಲಿ ನಿಂತಿವೆಯಂತೆ. "ಹಬ್ಬ ಮುಗೀಲಿ ಅಕ್ಕಾ, ಆಮೇಲೆ ಖಂಡಿತ ಬರ್ತೀನಿ" ಎಂದ. ಹಬ್ಬ ಮುಗಿದ ಮೇಲೆ ಅವನನ್ನು ಕಟ್ಟಿಕೊಂಡು ಏನು ಮಾಡಲಿ. ಇನ್ನೂ ಎರಡು ಕಡೆ ಕೇಳಿದೆ, ಇದೇ ಉತ್ತರ.

ಎಲ್ಲಿ ಸತ್ತಿದ್ದೀಯ? ಏನಾದರೂ ಬರಿ. ಬಯ್ಯುವುದಾದರೆ ಬಯ್ದು ಬರಿ. ಹನ್ನೆರಡು ದಿನ ಉಳಿದಿದೆ.

ಮಿತ್ಸುಯೊ


1996 ಆಗಸ್ಟ್ 8

ಮಿತ್ಸುಯೊ ಸಾನ್ ಅವರಿಗೆ,

ಮೊದಲು ಮಾಡಬೇಕಾದದ್ದು. ಪತ್ರದ ಉಳಿದ ಭಾಗ ಓದದಿದ್ದರೂ ಸರಿ, ಇದನ್ನು ಮಾಡಿ.

ಬೋಲ್ಟನ್ನು ಕಾಯಿಸಿ. ಗದ್ದೆ ಬದುವಿನ ಕಳೆ ಸುಡುವ ಗ್ಯಾಸ್ ಬರ್ನರ್ ನಿಮ್ಮ ಮನೆಯಲ್ಲೇ ಇರಬೇಕು, ಅದು ಸಾಕು. ಪೆಟ್ರೋಲ್ ಡಬ್ಬಿ, ಎಣ್ಣೆ ಬಟ್ಟೆ ಎಲ್ಲ ಹೊರಗೆ ಇಡಿ. ಸುತ್ತ ಬಿದ್ದ ಎಣ್ಣೆ ಒರೆಸಿ. ಪಕ್ಕದಲ್ಲಿ ಎರಡು ಬಕೆಟ್ ಒದ್ದೆ ಮರಳು ಇರಲಿ. ಅಮ್ಮ ಕಾರಿನಲ್ಲಿ ಕೂರುವುದು ಬೇಡ, ಪೆಡಲಿಗೆ ಮರದ ತುಂಡು ಒತ್ತಿ ನಿಲ್ಲಿಸಿ. ಬೆಂಕಿಯನ್ನು ಬೋಲ್ಟಿನ ತಲೆಗೆ ಮಾತ್ರ ಐದು ನಿಮಿಷ ಹಿಡಿಯಿರಿ. ಸುಟ್ಟ ವಾಸನೆ ಬಂದು ಸಣ್ಣಗೆ ಬಿಳಿ ಹೊಗೆ ಏಳುತ್ತದೆ. ಆಗ ಸವೆದ ತಲೆಗೆ ಹದಿನೆಂಟರ ಸಾಕೆಟ್ಟನ್ನು ಸುತ್ತಿಗೆಯಿಂದ ಬಡಿದು ಕೂರಿಸಿ ತಿರುಗಿಸಿ. ಬರುತ್ತದೆ. ಹಿಂದಿನ ರಬ್ಬರ್ ಸೀಲ್ ಸುಟ್ಟಿರುತ್ತದೆ, ಹೊಸದು ಹಾಕಿ. ಶಾಫ್ಟಿಗೆ ಏನೂ ಆಗುವುದಿಲ್ಲ.

ಶಾಫ್ಟ್ ಹಾಳಾಗುತ್ತದೆ ಎಂದು ನಾನು ಬರೆದದ್ದು ಸುಳ್ಳು. ಗಡ್ಡದವನು ಹೇಳಿದ್ದೇ ಸರಿ.

ಆರು ವರ್ಷದ ಹಿಂದೆ ಆ ದಿನ ಬಿಗಿತ ಅಳೆಯುವ ಸ್ಪ್ಯಾನರ್ ಇನ್ನೊಬ್ಬರ ಕೈಯಲ್ಲಿತ್ತು. ಕಾಯಲು ತಾಳ್ಮೆ ಇರಲಿಲ್ಲ. ಅಂದಾಜಿನಲ್ಲಿ ಬಿಗಿದೆ. ಆಮೇಲೆ ಸಡಿಲವಾಗಿ ಬಿಟ್ಟೀತು ಎಂದು ಹೆದರಿ, ಮತ್ತೆ ಬಿಚ್ಚಿ, ಕೆಂಪು ಅಂಟು ಸುರಿದು ಪೈಪ್ ಹಾಕಿ ಬಿಗಿದೆ. ಆ ಅಂಟು ಬೆಂಕಿಗಲ್ಲದೆ ಬೇರೆ ಯಾವುದಕ್ಕೂ ಬಿಡುವುದಿಲ್ಲ. ಬಿಲ್ಲಿನಲ್ಲಿ ಬರೆಯಲಿಲ್ಲ, ನಿಮ್ಮ ಯಜಮಾನರಾದ ತೈಜಿ ಸಾನ್ ಅವರಿಗೂ ಹೇಳಲಿಲ್ಲ.

ನಿಮ್ಮ ಮೊದಲ ಪತ್ರದಲ್ಲೇ ಇದೆಲ್ಲ ನೆನಪಾಯಿತು. ಅದೇ ದಿನ ಬರೆದಿದ್ದರೆ ಜೂನ್ ಮುಗಿಯುವುದರೊಳಗೆ ಕಾರು ಓಡುತ್ತಿತ್ತು. ಮೊದಲ ಸಲ ಬರೆಯದೇ ಇದ್ದದ್ದು ನಾಚಿಕೆಗೆ. ಎರಡನೇ ಸಲ ನಾಚಿಕೆಗಲ್ಲ. ಬೋಲ್ಟ್ ಬಂದುಬಿಟ್ಟರೆ ನೀವು ಮತ್ತೆ ಬರೆಯುವುದಿಲ್ಲ ಎಂದು. ನನ್ನ ತಂಗಿ ಕೂಡ ನನಗೆ ಬರೆಯುವುದನ್ನು ನಿಲ್ಲಿಸಿದ್ದಾಳೆ. ಬಯ್ದಾದರೂ ಸರಿ, ನನಗೆ ಕಾಗದ ಬರೆಯುವವರು ಜಗತ್ತಿನಲ್ಲಿ ನೀವೊಬ್ಬರೇ ಇದ್ದಿರಿ. ಆ ಆಸೆಗೆ ನಿಮ್ಮ ಉಗುರು ಹೋಯಿತು, ಅಮ್ಮ ಕೂತಿದ್ದ ಕಾರು ಮೇಲೆದ್ದಿತು.

ಜುಲೈ ಪತ್ರ ಬಂದ ಮೇಲೆ ಪೆನ್ನು ಹಿಡಿಯಲಾಗಲಿಲ್ಲ. ತೈಜಿ ಸಾನ್ ನನ್ನನ್ನು ಕೇಳಲು ಬರುತ್ತಿದ್ದದ್ದು ಈ ಅಂಟನ್ನೇ. ಏನು ಹಾಕಿ ಬಿಗಿದೆ ಎಂದು ಕೇಳಲು ಹೊರಟವರಿಗೆ ನಾನು ಆವತ್ತೂ ಉತ್ತರ ಕೊಡಲಿಲ್ಲ, ನಿಮಗೆ ಎರಡು ತಿಂಗಳೂ ಕೊಡಲಿಲ್ಲ. ಮೂರು ವಾರ ತಟ್ಟೆಯ ಅನ್ನ ಅರ್ಧಕ್ಕೇ ಬಿಟ್ಟೆ, ಅದಕ್ಕೂ ಶಿಕ್ಷೆ ಆಯಿತು, ಪತ್ರ ಬರೆಯುವ ದಿನ ಹಿಂದಕ್ಕೆ ಹೋಯಿತು. ಇದನ್ನು ನೆಪವೆಂದು ಹೇಳುತ್ತಿಲ್ಲ.

ಬೇಗ ಕಳಿಸಿ ಎಂದು ಅಧಿಕಾರಿಯ ಕಾಲು ಹಿಡಿದಿದ್ದೇನೆ. ಹಬ್ಬದ ರಜೆ ಹತ್ತಿರ ಬಂದಿದೆ. ಹದಿಮೂರರೊಳಗೆ ತಲುಪಲಿ, ಇನ್ನೇನೂ ಕೇಳುವುದಿಲ್ಲ.

ಎಯ್‌ಕಿಚಿ


1996 ಆಗಸ್ಟ್ 19

ಕುದೋ ಎಯ್‌ಕಿಚಿ ಅವರಿಗೆ,

ನಿಮ್ಮ ಪತ್ರ ನಿನ್ನೆ, ಹದಿನೆಂಟಕ್ಕೆ ಬಂತು.

ಹದಿಮೂರಕ್ಕೆ ಏನಾಯಿತು ಎಂದು ನಿಮಗೆ ಗೊತ್ತಿರಬೇಕು. ಮಧ್ಯಾಹ್ನ ನಾಲ್ಕಕ್ಕೆ ಅತ್ತೆ ಬೂದು ಬಣ್ಣದ ಕಿಮೊನೊ ಉಟ್ಟು ಬಿಳಿ ಲಾಂದ್ರ ಹಿಡಿದು ಶೆಡ್ಡಿಗೆ ಬಂದರು. ಕಾರು ಕೆಟ್ಟಿದೆ ಅತ್ತೆ, ಟ್ಯಾಕ್ಸಿ ಕರೆಸುತ್ತೇನೆ ಎಂದೆ. ಕೇಳಿಸಲೇ ಇಲ್ಲವೆಂಬಂತೆ ಹಿಂದಿನ ಸೀಟು ಹತ್ತಿ ಕೂತರು. ಮುಂದಿನ ಚಕ್ರವಿಲ್ಲದ ಕಾರು. ಬೇರೆ ಏನು ಮಾಡಲೂ ತೋಚದೆ ನಾನೂ ಸ್ಟಿಯರಿಂಗಿನ ಮುಂದೆ ಕೂತೆ. ನನ್ನ ಪಕ್ಕದ ಸೀಟು ಖಾಲಿ. ಊರಿನವರೆಲ್ಲ ಲಾಂದ್ರ ಹಿಡಿದು ಗುಡ್ಡದ ಕಡೆ ಹೋಗುವುದು ಬಾಗಿಲಿನಿಂದ ಕಾಣುತ್ತಿತ್ತು. ಅವರೆಲ್ಲ ವಾಪಸು ಬಂದದ್ದೂ ಕಂಡಿತು.

ಕತ್ತಲಾಗುವ ಹೊತ್ತಿಗೆ ಅತ್ತೆ ಕೇಳಿದರು. "ಹೋಗಲ್ವೇನೇ?"

"ಆಗಲ್ಲ ಅತ್ತೆ. ಬೋಲ್ಟ್ ಬರಲಿಲ್ಲ."

"ಪಾಪ, ಅಲ್ಲೇ ಕಾಯ್ತಾ ಕೂತಿರ್ತಾನೆ. ಅವನು ಹಾಗೇ. ಬರ್ತೀವಿ ಅಂದ್ರೆ ಎಷ್ಟೊತ್ತಾದ್ರೂ ಕಾಯ್ತಾನೆ."

ನಾನು ಹೊತ್ತುಕೊಂಡು ಹೋಗುತ್ತೇನೆ, ನಡೀರಿ ಎಂದು ಬೆನ್ನು ಬಾಗಿಸಿದೆ. ಬರಲಿಲ್ಲ. ತಾವೇ ಲಾಂದ್ರ ಊದಿ ಆರಿಸಿದರು. ಹದಿನಾರಕ್ಕೆ ಕಳಿಸಿಕೊಡುವ ಬೆಂಕಿ ಹಾಕೋಣ ಎಂದರೆ, ಬಂದಿದ್ದರೆ ತಾನೇ ಕಳಿಸೋದು ಎಂದರು. ಆವತ್ತಿನಿಂದ ಶೆಡ್ಡಿಗೆ ಬಂದಿಲ್ಲ. ನನ್ನ ಜೊತೆ ಜಗಳವನ್ನೂ ಆಡುವುದಿಲ್ಲ. ಕೊಟ್ಟಷ್ಟು ಉಣ್ಣುತ್ತಾರೆ, ಗೋಡೆ ನೋಡುತ್ತಾರೆ.

ನಿನ್ನೆ ನೀವು ಬರೆದ ಹಾಗೆ ಮಾಡಿದೆ. ಕಳೆ ಸುಡುವ ಬರ್ನರ್ ಕಾರಿನಿಂದ ಮೂರು ಹೆಜ್ಜೆ ದೂರದಲ್ಲಿ ಗೋಡೆಗೆ ನೇತುಹಾಕಿತ್ತು. ಹೊಗೆ ಬಂತು, ಟಕ್ ಎಂದು ಒಂದು ಸದ್ದು ಬಂತು, ಬೋಲ್ಟ್ ಬೆಣ್ಣೆಯ ಹಾಗೆ ತಿರುಗಿತು. ಗಡಿಯಾರ ನೋಡಿದೆ, ಶುರು ಮಾಡಿ ಹತ್ತು ನಿಮಿಷ ಕೂಡ ಆಗಿರಲಿಲ್ಲ. ಕುದೋ, ಬರೀ ಹತ್ತು ನಿಮಿಷ. ಬಿಸಿಯಿದೆ ಎಂದು ಗೊತ್ತಿದ್ದೂ ಬರಿಗೈಯಲ್ಲಿ ಎತ್ತಿಕೊಂಡೆ. ಶೆಡ್ಡಿನ ನೆಲದ ಮೇಲೆ ಕೂತು ಗಂಟಲು ಕಟ್ಟುವವರೆಗೆ ನಿಮ್ಮನ್ನು ಬಯ್ದೆ. ನೀವು ಕುಡಿದದ್ದಕ್ಕೆ ಕೂಡ ಹಾಗೆ ಬಯ್ದಿರಲಿಲ್ಲ. ಕುಡಿದಾಗ ನಿಮಗೆ ಬುದ್ಧಿ ಇರಲಿಲ್ಲ. ಈ ಎರಡು ತಿಂಗಳು ಇತ್ತು.

ಪತ್ರವನ್ನು ಒಲೆಗೆ ಹಾಕಲು ಎರಡು ಸಲ ಎದ್ದೆ. ಹಾಕಲಿಲ್ಲ. ಯಾಕೆ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ.

ಬೋಲ್ಟನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಒಳಗೆ ಬಿಡುವುದಿಲ್ಲವಂತೆ, ಫೋನ್ ಮಾಡಿ ಕೇಳಿದೆ. ನಿಮ್ಮ ಬಟ್ಟೆ ಚಪ್ಪಲಿ ಇರುವ ಪೆಟ್ಟಿಗೆಯಲ್ಲಿ ಇಟ್ಟುಕೊಂಡು, ಬಿಡುಗಡೆಯ ದಿನ ಕೈಗೆ ಕೊಡುತ್ತಾರಂತೆ. ಇನ್ನೆರಡು ವರ್ಷದ ಆಗಸ್ಟಿಗೆ ನಿಮ್ಮ ಅವಧಿ ಮುಗಿಯುತ್ತದೆ. ಅಲ್ಲಿಯವರೆಗೆ ಬರೆಯಬೇಡಿ, ನಾನೂ ಬರೆಯುವುದಿಲ್ಲ. ಈ ಕಾರಿಗೆ ಬೇರೆ ಬೋಲ್ಟ್ ಹಾಕಲು ಯಾರನ್ನೂ ಬಿಡುವುದಿಲ್ಲ.

ಹೊರಗೆ ಬಂದ ದಿನ ನೇರ ಶೆಡ್ಡಿಗೆ ಬನ್ನಿ. ಅಂಟಿಲ್ಲದೆ, ಅಳೆದು ಬಿಗಿಯಿರಿ. ಅತ್ತೆಗೆ ಆಗ ಎಂಬತ್ತೈದು. ಇದ್ದರೆ ಅವರನ್ನು ಹಿಂದೆ ಕೂರಿಸಿಕೊಂಡು, ಇಲ್ಲದಿದ್ದರೆ ಒಬ್ಬಳೇ, ಸಮಾಧಿಯವರೆಗೆ ಕಾರು ಓಡಿಸುವುದು ನಾನು. ನೀವು ನಡೆದುಕೊಂಡು ಬನ್ನಿ.

ಸುಗವಾರಾ ಮಿತ್ಸುಯೊ